ಮಾರ್ಗರೆಟ್ ಗಿಲ್‌ಫಾಯಿಲ್: ಲೆಕ್ಕಿಗ ವೃತ್ತಿಯೂ ಸಚಿವ ಪದವಿಯೂ

೧

ಇಪ್ಪತ್ತನೆಯ ಶತಮಾನದ ರಾಜಕೀಯ ಚರಿತ್ರೆಯನ್ನು ಬರೆಯುವವರು ಸ್ತ್ರೀಯರ ವಿಷಯಕ್ಕೆ ಬಂದಾಗ ಸಾಮಾನ್ಯವಾಗಿ ಒಂದು ಪಟ್ಟಿಯನ್ನು ಕೊಟ್ಟು ಮುಂದೆ ಸಾಗುತ್ತಾರೆ. ಶಾಸನಸಭೆಗೆ ಮೊದಲು ಆಯ್ಕೆಯಾದವರು ಯಾರು, ಮೊದಲು ಸಚಿವ ಪದವಿಯನ್ನು ಪಡೆದವರು ಯಾರು ಎಂಬುದೇ ಆ ಪಟ್ಟಿಯ ಸ್ವರೂಪ. ಇಂಥ ಪಟ್ಟಿ ಅವಶ್ಯಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಧಿಕಾರ ದೊರೆತ ಮೇಲೆ ಅವರು ಮಾಡಿದ ಕೆಲಸವೇನು, ಆ ಕೆಲಸಕ್ಕೆ ಅವರು ಹಿಂದೆ ಪಡೆದಿದ್ದ ಶಿಕ್ಷಣ ಎಷ್ಟರಮಟ್ಟಿಗೆ ಒದಗಿತು ಎಂಬ ಪ್ರಶ್ನೆಗಳಿಗೆ ಪಟ್ಟಿಯಿಂದ ಉತ್ತರ ದೊರೆಯದು.

ಆಸ್ಟ್ರೇಲಿಯದ ಡೇಮ್ ಮಾರ್ಗರೆಟ್ ಗಿಲ್‌ಫಾಯಿಲ್ (೧೯೨೬–೨೦೨೦) ಅವರ ಹೆಸರು ಇಂಥ ಪಟ್ಟಿಗಳಲ್ಲಿ ತಪ್ಪದೆ ಬರುತ್ತದೆ. ಆ ದೇಶದ ಕೇಂದ್ರ ಸರ್ಕಾರದಲ್ಲಿ ಸಚಿವ ಸಂಪುಟದ ಸ್ಥಾನವನ್ನೂ ಒಂದು ಇಲಾಖೆಯ ಹೊಣೆಯನ್ನೂ ಒಟ್ಟಿಗೆ ಹೊಂದಿದ ಪ್ರಥಮ ಮಹಿಳೆ ಅವರು. ಇಲ್ಲಿ ‘ಪ್ರಥಮ’ ಎಂಬ ಮಾತನ್ನು ಎಚ್ಚರಿಕೆಯಿಂದ ಬಳಸಬೇಕು. ಅವರಿಗಿಂತ ಮೊದಲು, ೧೯೪೯ರಲ್ಲಿ, ಎನಿಡ್ ಲಯನ್ಸ್ ಸಂಪುಟವನ್ನು ಸೇರಿದ್ದರು. ಆದರೆ ಅವರ ಕೈಯಲ್ಲಿ ಇಲಾಖೆಯಿರಲಿಲ್ಲ. ೧೯೬೬ರಲ್ಲಿ ಆನಬೆಲ್ ರಾಂಕಿನ್ ವಸತಿ ಇಲಾಖೆಯ ಸಚಿವೆಯಾದರು. ಆದರೆ ಅವರಿಗೆ ಸಂಪುಟದೊಳಗೆ ಸ್ಥಾನವಿರಲಿಲ್ಲ. ಒಬ್ಬರಿಗೆ ಖರ್ಚಿನ ಅಧಿಕಾರವಿಲ್ಲದ ಗೌರವ, ಇನ್ನೊಬ್ಬರಿಗೆ ನಿರ್ಣಯದ ಅಧಿಕಾರವಿಲ್ಲದ ಖರ್ಚು. ಈ ಎರಡೂ ಒಬ್ಬ ಸ್ತ್ರೀಯಲ್ಲಿ ಕೂಡಿಬಂದದ್ದು ೧೯೭೬ರಲ್ಲಿ. ಹಾಗೆ ಕೂಡಿಬಂದ ವ್ಯಕ್ತಿ ವೃತ್ತಿಯಿಂದ ಲೆಕ್ಕಿಗರು.

ನಮ್ಮ ಭಾಷೆಯಲ್ಲಿ ‘ಖಾತೆ’ ಎಂಬ ಒಂದೇ ಮಾತು ಅಂಗಡಿಯ ಲೆಕ್ಕದ ಪುಸ್ತಕಕ್ಕೂ ಸಚಿವರು ವಹಿಸಿಕೊಳ್ಳುವ ಇಲಾಖೆಗೂ ಸಲ್ಲುತ್ತದೆ. ಗಿಲ್‌ಫಾಯಿಲ್ ಅವರ ಜೀವನದಲ್ಲಿ ಈ ಎರಡು ಅರ್ಥಗಳೂ ಒಂದಕ್ಕೊಂದು ಹತ್ತಿರ ಬಂದವು. ಅವರ ಲೆಕ್ಕಿಗ ವೃತ್ತಿ ರಾಜಕೀಯಕ್ಕೆ ಬರುವ ಮೊದಲಿನ ಒಂದು ಘಟ್ಟವಾಗಿ ಮಾತ್ರ ಉಳಿಯಲಿಲ್ಲ. ಅವರ ಆಡಳಿತದ ಮುಖ್ಯ ಕಾರ್ಯವನ್ನೂ ಅದರ ಮಿತಿಗಳನ್ನೂ ತಿಳಿಯಲು ಆ ವೃತ್ತಿಯೇ ಕೀಲಿಕೈಯಾಗಿದೆ ಎಂಬುದನ್ನು ತೋರಿಸುವುದು ಪ್ರಕೃತ ಪ್ರಬಂಧದ ಉದ್ದೇಶ.

೨

ಮಾರ್ಗರೆಟ್ ಜಾರ್ಜಿನಾ ಕಾನ್‌ಸ್ಟನ್ಸ್ ಮೆಕ್ಕಾರ್ಟ್ನಿ ಅವರು ೧೯೨೬ನೆಯ ಮೇ ೧೫ರಂದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಜನಿಸಿದರು. ಇವರು ಎರಡು ವರ್ಷದ ಮಗುವಾಗಿದ್ದಾಗ ಕುಟುಂಬ ಆಸ್ಟ್ರೇಲಿಯಕ್ಕೆ ವಲಸೆಹೋಗಿ ಮೆಲ್ಬರ್ನಿನಲ್ಲಿ ನೆಲಸಿತು. ಇವರ ಹತ್ತನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಉಪಾಧ್ಯಾಯಿನಿಯಾಗಿದ್ದ ತಾಯಿ ಮೂವರು ಮಕ್ಕಳನ್ನು ತಮ್ಮ ಸಂಪಾದನೆಯಿಂದಲೇ ಸಾಕಬೇಕಾಯಿತು. ಮನೆಯ ಯಜಮಾನನ ಸಂಬಳವನ್ನೇ ನಂಬಿಕೊಂಡ ಸಂಸಾರದ ಸ್ಥಿತಿ ಆ ಸಂಬಳ ನಿಂತ ದಿನ ಏನಾಗುತ್ತದೆ ಎಂಬುದು ಈ ಬಾಲಕಿಗೆ ಪುಸ್ತಕದಿಂದ ತಿಳಿಯಬೇಕಾದ ವಿಷಯವಾಗಿರಲಿಲ್ಲ.

ಹದಿನೈದನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟು ಕಛೇರಿಯೊಂದರಲ್ಲಿ ಕಾರ್ಯದರ್ಶಿನಿಯ ಕೆಲಸಕ್ಕೆ ಸೇರಿದರು. ಹಗಲು ದುಡಿಮೆ, ಸಂಜೆ ಪಾಠ. ಹೀಗೆ ಸಂಜೆಯ ತರಗತಿಗಳಲ್ಲಿ ಲೆಕ್ಕಪತ್ರಶಾಸ್ತ್ರವನ್ನು ಅಭ್ಯಾಸಮಾಡಿ ಇನ್ನೂ ಎಳೆಯ ವಯಸ್ಸಿನಲ್ಲೇ ಲೆಕ್ಕಿಗರ ಅರ್ಹತೆಯನ್ನು ಪಡೆದರು. ೧೯೫೨ರಲ್ಲಿ, ತಾವೂ ಲೆಕ್ಕಿಗರೇ ಆಗಿದ್ದ ಸ್ಟಾನ್ಲಿ ಗಿಲ್‌ಫಾಯಿಲ್ ಅವರೊಡನೆ ವಿವಾಹವಾಯಿತು. ಮೂವರು ಮಕ್ಕಳಾದರು. ಮಕ್ಕಳು ಚಿಕ್ಕವರಾಗಿದ್ದಾಗಲೂ ಅವರು ವೃತ್ತಿಯನ್ನು ಬಿಡಲಿಲ್ಲ; ಸ್ವತಂತ್ರವಾಗಿ ಲೆಕ್ಕಪತ್ರದ ಕೆಲಸವನ್ನು ನಡೆಸಿಕೊಂಡು ಬಂದರು.

ಈ ಸಂಗತಿಯ ಬೆಲೆಯನ್ನು ಅರಿಯಬೇಕಾದರೆ ಆ ಕಾಲದ ನಿಯಮಗಳನ್ನು ನೆನೆಯಬೇಕು. ಆಸ್ಟ್ರೇಲಿಯದಲ್ಲಿ ಸ್ತ್ರೀಯರಿಗೆ ೧೯೦೨ರಲ್ಲಿಯೇ ಮತದಾನದ ಹಕ್ಕೂ ಕೇಂದ್ರ ಶಾಸನಸಭೆಗೆ ಸ್ಪರ್ಧಿಸುವ ಹಕ್ಕೂ ದೊರೆತಿದ್ದವು. (ಮೂಲನಿವಾಸಿಗಳಲ್ಲಿ ಬಹುಪಾಲು ಜನರಿಗೆ, ಸ್ತ್ರೀಯರಾಗಲಿ ಪುರುಷರಾಗಲಿ, ಆ ಹಕ್ಕು ೧೯೬೨ರವರೆಗೆ ದೊರೆಯಲಿಲ್ಲ.) ಆದರೂ ಮೊದಲ ಇಬ್ಬರು ಮಹಿಳೆಯರು ಆ ಸಭೆಯನ್ನು ಪ್ರವೇಶಿಸಿದ್ದು ೧೯೪೩ರಲ್ಲಿ. ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದ ಹೆಣ್ಣು ಮದುವೆಯಾದ ಕೂಡಲೆ ತನ್ನ ಖಾಯಂ ಹುದ್ದೆಯನ್ನು ಬಿಡಬೇಕೆಂಬ ನಿಯಮ ೧೯೬೬ರವರೆಗೂ ಜಾರಿಯಲ್ಲಿತ್ತು. ಎಂದರೆ ಮುಂದೆ ಸಾವಿರಾರು ನೌಕರರಿದ್ದ ಇಲಾಖೆಯನ್ನು ಆಳಲಿದ್ದ ಈ ಸ್ತ್ರೀಗೆ, ೧೯೫೨ರಲ್ಲಿ ಅಂಥ ಇಲಾಖೆಯೊಂದರಲ್ಲಿ ಖಾಯಂ ಗುಮಾಸ್ತೆಯಾಗಿ ಉಳಿಯಲು ಸಹ ಅವಕಾಶವಿರುತ್ತಿರಲಿಲ್ಲ. ಸ್ವಂತ ವೃತ್ತಿಯೊಂದಿದ್ದುದರಿಂದಲೇ ಅವರ ದುಡಿಮೆ ಮದುವೆಯೊಡನೆ ಕೊನೆಗೊಳ್ಳಲಿಲ್ಲ.

೩

೧೯೫೦ರ ದಶಕದಲ್ಲಿ ಗಿಲ್‌ಫಾಯಿಲ್ ಲಿಬರಲ್ ಪಕ್ಷವನ್ನು ಸೇರಿದರು. ವಿಕ್ಟೋರಿಯ ರಾಜ್ಯದಲ್ಲಿ ಆ ಪಕ್ಷಕ್ಕೆ ಒಂದು ವಿಶೇಷವಿತ್ತು: ಪಕ್ಷದ ಸಂಸ್ಥೆಯಲ್ಲಿ ಸ್ತ್ರೀಯರಿಗೆ ಗೊತ್ತಾದ ಪ್ರಾತಿನಿಧ್ಯವಿದ್ದು, ಮಹಿಳಾ ವಿಭಾಗ ಪ್ರಬಲವಾಗಿತ್ತು. ಗಿಲ್‌ಫಾಯಿಲ್ ಆ ವಿಭಾಗದ ಅಧ್ಯಕ್ಷೆಯಾದರು. ಆ ರಾಜ್ಯದಿಂದ ಸೆನೆಟ್‌ಗೆ ಆಯ್ಕೆಯಾದ ಪ್ರಥಮ ಮಹಿಳೆ ಐವಿ ವೆಜ್‌ವುಡ್ ನಿವೃತ್ತರಾಗುವ ಸಂದರ್ಭದಲ್ಲಿ ಆ ಸ್ಥಾನಕ್ಕೆ ಇವರು ಅಭ್ಯರ್ಥಿಯಾಗಿ ನಿಂತರು. ಪಕ್ಷದ ಆಯ್ಕೆಯ ಸಭೆಯಲ್ಲಿ, ತಾವು ರಾಜಧಾನಿಗೆ ಹೋದರೆ ಮೂವರು ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಎದ್ದಿತು. ಆ ಹೊಣೆಯನ್ನು ಹೇಗೆ ನಿರ್ವಹಿಸಬೇಕೆಂಬುದು ತಮಗೂ ತಮ್ಮ ಕುಟುಂಬಕ್ಕೂ ಸೇರಿದ ವಿಷಯವೆಂಬ ಅರ್ಥದ ಉತ್ತರವನ್ನು ಅವರು ಕೊಟ್ಟರು. ಅವರೊಡನೆ ಸ್ಪರ್ಧಿಸಿದ ಪುರುಷರಿಗೆ ಇಂಥ ಪ್ರಶ್ನೆಯನ್ನು ಕೇಳುವ ವಾಡಿಕೆಯಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

೧೯೭೦ರ ನವೆಂಬರಿನ ಚುನಾವಣೆಯಲ್ಲಿ ಆಯ್ಕೆಯಾಗಿ ೧೯೭೧ರ ಜುಲೈಯಲ್ಲಿ ಅವರು ಸೆನೆಟ್‌ನಲ್ಲಿ ಕುಳಿತರು. ಆಗ ಕೆಳಮನೆಯಲ್ಲಿ ಒಬ್ಬ ಸ್ತ್ರೀಯೂ ಇರಲಿಲ್ಲ. ಸೆನೆಟ್‌ನಲ್ಲಿ ಇವರೂ ಸೇರಿ ಇಬ್ಬರು ಮಾತ್ರ. ಆಸ್ಟ್ರೇಲಿಯದ ಸೆನೆಟ್ ನಮ್ಮ ರಾಜ್ಯಸಭೆಯಂತೆ ರಾಜ್ಯಗಳ ಸಭೆಯಾದರೂ ಎರಡು ಅಂಶಗಳಲ್ಲಿ ಅದಕ್ಕಿಂತ ಭಿನ್ನ. ಅದರ ಸದಸ್ಯರನ್ನು ಜನರೇ ನೇರವಾಗಿ ಆರಿಸುತ್ತಾರೆ. ಹಣಕಾಸಿನ ಮಸೂದೆಯನ್ನು ತಿದ್ದುವ ಅಧಿಕಾರ ಬಹುಮಟ್ಟಿಗೆ ಅದಕ್ಕಿಲ್ಲವಾದರೂ ತಡೆಹಿಡಿಯುವ ಅಧಿಕಾರವಿದೆ. ಇದಲ್ಲದೆ, ೧೯೭೦ರಲ್ಲಿ ಸೆನೆಟ್ ತನ್ನ ಅಂದಾಜು ಸಮಿತಿಗಳನ್ನು ಆಗತಾನೆ ಸ್ಥಾಪಿಸಿತ್ತು. ಪ್ರತಿಯೊಂದು ಇಲಾಖೆಯ ಖರ್ಚಿನ ಬಾಬುಗಳನ್ನು ಮುಂದಿಟ್ಟುಕೊಂಡು ಸಚಿವರನ್ನೂ ಅಧಿಕಾರಿಗಳನ್ನೂ ಪ್ರಶ್ನಿಸುವುದು ಆ ಸಮಿತಿಗಳ ಕೆಲಸ. ಲೆಕ್ಕವನ್ನು ಓದಬಲ್ಲ ಸದಸ್ಯೆಗೆ ಇದಕ್ಕಿಂತ ಅನುಕೂಲವಾದ ಕಾಲ ಬೇರೊಂದಿರಲಿಲ್ಲ.

೧೯೭೫ರ ಕೊನೆಯಲ್ಲಿ ಸೆನೆಟ್‌ನ ತಡೆಹಿಡಿಯುವ ಅಧಿಕಾರವೇ ದೇಶದ ರಾಜಕೀಯವನ್ನು ಅಲುಗಿಸಿತು. ಲೇಬರ್ ಪಕ್ಷದ ಪ್ರಧಾನಿ ಗಾಫ್ ವಿಟ್ಲಮ್ ಅವರ ಆಯವ್ಯಯಕ್ಕೆ ವಿರೋಧ ಪಕ್ಷದ ಸೆನೆಟರುಗಳು ಒಪ್ಪಿಗೆ ಕೊಡದೆ ನಿಂತರು; ಗಿಲ್‌ಫಾಯಿಲ್ ಆ ಪಕ್ಷದಲ್ಲಿದ್ದವರು. ನವೆಂಬರ್ ೧೧ರಂದು ಗವರ್ನರ್ ಜನರಲ್ ಸರ್ ಜಾನ್ ಕೆರ್ ವಿಟ್ಲಮ್ ಅವರನ್ನು ಪದಚ್ಯುತಗೊಳಿಸಿ ಮಾಲ್ಕಮ್ ಫ್ರೇಸರ್ ಅವರನ್ನು ಪ್ರಧಾನಿಯಾಗಿ ನೇಮಿಸಿದರು. ಆಗ ರಚಿತವಾದ ತಾತ್ಕಾಲಿಕ ಮಂತ್ರಿಮಂಡಲದಲ್ಲಿ ಗಿಲ್‌ಫಾಯಿಲ್ ಕೆಲವು ವಾರಗಳ ಕಾಲ ಶಿಕ್ಷಣ ಸಚಿವೆಯಾಗಿದ್ದರು. ಡಿಸೆಂಬರಿನ ಚುನಾವಣೆಯಲ್ಲಿ ಫ್ರೇಸರ್ ಅವರಿಗೆ ಬಹುಮತ ದೊರೆತ ಮೇಲೆ ಸಾಮಾಜಿಕ ಭದ್ರತೆಯ ಖಾತೆ ಇವರ ಪಾಲಿಗೆ ಬಂದಿತು. ೧೯೭೬ರಲ್ಲಿ ಸಂಪುಟದೊಳಗಿನ ಸ್ಥಾನವೂ ದೊರೆಯಿತು.

೪

ವೃದ್ಧಾಪ್ಯ ವೇತನ, ವಿಧವಾ ವೇತನ, ಅಂಗವಿಕಲರ ವೇತನ, ನಿರುದ್ಯೋಗ ಭತ್ಯೆ ಇವೆಲ್ಲ ಸೇರಿದ್ದ ಈ ಇಲಾಖೆ ಕೇಂದ್ರ ಸರ್ಕಾರದ ವೆಚ್ಚದಲ್ಲಿ ಸುಮಾರು ಕಾಲುಭಾಗವನ್ನು ತೆಗೆದುಕೊಳ್ಳುತ್ತಿತ್ತು. ವೆಚ್ಚವನ್ನು ತಗ್ಗಿಸುವುದಾಗಿ ಮಾತುಕೊಟ್ಟು ಅಧಿಕಾರಕ್ಕೆ ಬಂದ ಸರ್ಕಾರದಲ್ಲಿ ಅತ್ಯಂತ ಹೆಚ್ಚಿನ ವೆಚ್ಚದ ಇಲಾಖೆಯನ್ನು ವಹಿಸಿಕೊಂಡದ್ದು ಇವರ ಸ್ಥಿತಿ. ಇಂಥ ಸಂದರ್ಭದಲ್ಲಿ ೧೯೭೬ರ ಮಕ್ಕಳ ಭತ್ಯೆಯ ಸುಧಾರಣೆ ನಡೆಯಿತು. ಇದನ್ನು ತುಸು ವಿಸ್ತಾರವಾಗಿ ನೋಡುವುದು ಅವಶ್ಯ.

ಅದುವರೆಗೆ ಮಕ್ಕಳಿರುವ ಸಂಸಾರಕ್ಕೆ ಸರ್ಕಾರದ ಸಹಾಯ ಎರಡು ದಾರಿಗಳಲ್ಲಿ ಬರುತ್ತಿತ್ತು. ಮೊದಲನೆಯದು ೧೯೪೧ರಲ್ಲಿ ಆರಂಭವಾದ ಮಕ್ಕಳ ಭತ್ಯೆ. ಇದು ತಾಯಿಯ ಕೈಗೆ ಸಲ್ಲುತ್ತಿದ್ದ ಹಣ. ಮೊದಲು ಎರಡನೆಯ ಮಗುವಿನಿಂದ ಮಾತ್ರ ಲೆಕ್ಕಕ್ಕೆ ಬರುತ್ತಿದ್ದ ಈ ಭತ್ಯೆಯನ್ನು ೧೯೫೦ರಲ್ಲಿ ಮೊದಲ ಮಗುವಿಗೂ ವಿಸ್ತರಿಸಲಾಯಿತು. ಅದಕ್ಕೆ ಗೊತ್ತುಮಾಡಿದ ದರ ವಾರಕ್ಕೆ ಐದು ಷಿಲಿಂಗು. ೧೯೬೬ರಲ್ಲಿ ನಾಣ್ಯಪದ್ಧತಿ ಬದಲಾದಾಗ ಐದು ಷಿಲಿಂಗು ಐವತ್ತು ಸೆಂಟು ಆಯಿತು. ೧೯೭೬ರಲ್ಲಿಯೂ ಅದು ಐವತ್ತು ಸೆಂಟೇ ಆಗಿತ್ತು. ಇಪ್ಪತ್ತಾರು ವರ್ಷಗಳಲ್ಲಿ ಬೆಲೆಗಳು ಏರಿದವು, ಕೂಲಿ ಏರಿತು, ನಾಣ್ಯದ ಹೆಸರೇ ಬದಲಾಯಿತು. ಮೊದಲ ಮಗುವಿನ ಭತ್ಯೆ ಮಾತ್ರ ಇದ್ದಲ್ಲಿಯೇ ಇತ್ತು.

ಎರಡನೆಯ ದಾರಿ ವರಮಾನ ತೆರಿಗೆಯಲ್ಲಿನ ರಿಯಾಯಿತಿ. ಮಕ್ಕಳಿರುವ ತೆರಿಗೆದಾರನು ತಾನು ಕೊಡಬೇಕಾದ ತೆರಿಗೆಯಲ್ಲಿ ಒಂದು ಮೊತ್ತವನ್ನು ಕಳೆದುಕೊಳ್ಳಬಹುದಾಗಿತ್ತು. ಸಾಮಾನ್ಯವಾಗಿ ಆ ತೆರಿಗೆದಾರ ತಂದೆ. ಹಣ ಅವನ ಸಂಬಳದಲ್ಲಿ ಉಳಿಯುತ್ತಿತ್ತು; ಅದು ಅಡುಗೆಮನೆಯವರೆಗೆ ಬರುವುದು ಬಿಡುವುದು ಆ ಮನೆಯ ಪದ್ಧತಿಗೆ ಸೇರಿದ್ದು. ಇದಕ್ಕಿಂತ ದೊಡ್ಡ ದೋಷ ಇನ್ನೊಂದಿತ್ತು. ತೆರಿಗೆ ಕೊಡುವಷ್ಟು ವರಮಾನವೇ ಇಲ್ಲದವನಿಗೆ ರಿಯಾಯಿತಿಯಿಂದ ಏನು ಪ್ರಯೋಜನ? ಕಳೆಯಬೇಕಾದ ಮೊತ್ತವಿದ್ದರೂ ಯಾವುದರಿಂದ ಕಳೆಯಬೇಕೋ ಅದೇ ಇಲ್ಲ. ಹೀಗಾಗಿ ಕಡು ಬಡವರಿಗೆ ಸಲ್ಲಬೇಕಾದ ನೆರವು ಅವರಿಗೇ ಸಲ್ಲುತ್ತಿರಲಿಲ್ಲ. ಮೆಲ್ಬರ್ನ್ ವಿಶ್ವವಿದ್ಯಾಲಯದ ಪ್ರೊಫೆಸರ್ ರೊನಾಲ್ಡ್ ಹೆಂಡರ್ಸನ್ ಅವರ ನೇತೃತ್ವದ ಬಡತನ ವಿಚಾರಣಾ ಆಯೋಗದ ವರದಿ ೧೯೭೫ರಲ್ಲಿ ಪ್ರಕಟವಾಗಿತ್ತು. ಮಕ್ಕಳಿರುವ ಬಡ ಕುಟುಂಬಗಳ ಸ್ಥಿತಿಯನ್ನು ಅದು ದೇಶದ ಮುಂದಿಟ್ಟಿತ್ತು.

೧೯೭೬ರ ಮೇ ತಿಂಗಳಲ್ಲಿ ಸರ್ಕಾರ ಈ ಎರಡು ದಾರಿಗಳನ್ನೂ ಕೂಡಿಸಿತು. ಮಕ್ಕಳ ಹೆಸರಿನ ತೆರಿಗೆ ರಿಯಾಯಿತಿ ರದ್ದಾಯಿತು. ಅದರಿಂದ ಉಳಿದ ಹಣವನ್ನು ಭತ್ಯೆಗೆ ಸೇರಿಸಿ ‘ಕುಟುಂಬ ಭತ್ಯೆ’ ಎಂಬ ಹೆಸರಿನಿಂದ ನೇರವಾಗಿ ತಾಯಿಗೆ ಕೊಡುವ ಏರ್ಪಾಡಾಯಿತು. ಹೊಸ ದರ ವಾರಕ್ಕೆ ಮೊದಲ ಮಗುವಿಗೆ ೩.೫೦ ಡಾಲರು, ಎರಡನೆಯದಕ್ಕೆ ೫ ಡಾಲರು, ಮೂರನೆಯ ಮತ್ತು ನಾಲ್ಕನೆಯ ಮಕ್ಕಳಿಗೆ ೬ ಡಾಲರು, ಆ ಮೇಲಿನವರಿಗೆ ೭ ಡಾಲರು. ಹಿಂದಿನ ದರದಲ್ಲಿ ಎರಡು ಮಕ್ಕಳ ತಾಯಿಗೆ ವಾರಕ್ಕೆ ಒಂದೂವರೆ ಡಾಲರು ದೊರೆಯುತ್ತಿತ್ತು. ಈಗ ಎಂಟೂವರೆ ಡಾಲರು, ಎಂದರೆ ವರ್ಷಕ್ಕೆ ೪೪೨ ಡಾಲರು. ತೆರಿಗೆ ರಿಯಾಯಿತಿಯ ಪೂರ್ಣ ಪ್ರಯೋಜನವನ್ನು ಅದುವರೆಗೆ ಪಡೆಯಲಾಗದಿದ್ದ ಬಡ ಕುಟುಂಬಗಳು ೩ ಲಕ್ಷ, ಅವುಗಳಲ್ಲಿನ ಮಕ್ಕಳು ೮ ಲಕ್ಷ ಎಂಬುದು ಅಂದಿನ ಸರ್ಕಾರದ ಅಂದಾಜು.

ಈ ಯೋಜನೆಯ ಕಲ್ಪನೆ ಗಿಲ್‌ಫಾಯಿಲ್ ಒಬ್ಬರದೇ ಎಂದರೆ ಅದು ಅತಿಶಯೋಕ್ತಿಯಾದೀತು. ಆಯೋಗಗಳೂ ಪಂಡಿತರೂ ಇಂಥ ಸಲಹೆಯನ್ನು ಮೊದಲೇ ಕೊಟ್ಟಿದ್ದರು. ಪ್ರಧಾನಿ ಫ್ರೇಸರ್ ಅವರ ಬೆಂಬಲವೂ ಇತ್ತು. ಅದನ್ನು ಪ್ರಕಟಿಸಿದವರು ಖಜಾನೆಯ ಸಚಿವ ಫಿಲಿಪ್ ಲಿಂಚ್. ಆದರೆ ಅದನ್ನು ಜಾರಿಗೆ ತಂದು, ವರ್ಷವರ್ಷವೂ ಆಯವ್ಯಯದ ಚರ್ಚೆಯಲ್ಲಿ ಅದನ್ನು ಕಾಯಬೇಕಾದ ಭಾರ ಇವರ ಮೇಲೆ ಬಿದ್ದಿತು. ಈ ಭಾರ ಎಂಥದೆಂಬುದನ್ನು ಲೆಕ್ಕಶಾಸ್ತ್ರ ಬಲ್ಲವರು ಬೇಗ ಗ್ರಹಿಸುತ್ತಾರೆ. ತೆರಿಗೆಯಲ್ಲಿ ಬಿಟ್ಟುಕೊಟ್ಟ ಹಣ ಸರ್ಕಾರದ ಪುಸ್ತಕದಲ್ಲಿ ಖರ್ಚಾಗಿ ಕಾಣುವುದಿಲ್ಲ. ಅದು ಬಾರದೆ ಹೋದ ವರಮಾನ. ಅದೇ ಹಣವನ್ನು ಭತ್ಯೆಯಾಗಿ ಕೊಟ್ಟರೆ ಅದು ಇಲಾಖೆಯ ಖರ್ಚಿನ ಬಾಬಿಗೆ ಬಂದು ಕೂರುತ್ತದೆ. ಬೊಕ್ಕಸದ ಮೇಲಿನ ಹೊರೆ ಎರಡರಲ್ಲಿಯೂ ಒಂದೇ. ಆದರೆ ಮೊದಲನೆಯದನ್ನು ಯಾರೂ ಕೇಳುವುದಿಲ್ಲ, ಎರಡನೆಯದನ್ನು ಪ್ರತಿ ವರ್ಷವೂ ಎಲ್ಲರೂ ಕೇಳುತ್ತಾರೆ. ಈ ಬದಲಾವಣೆಯಿಂದ ಕುಟುಂಬ ಭತ್ಯೆಯ ಬಾಬು ವರ್ಷಕ್ಕೆ ಸುಮಾರು ನೂರು ಕೋಟಿ ಡಾಲರಿಗೆ ಏರಿತು. ವೆಚ್ಚವನ್ನು ತಗ್ಗಿಸಲು ಹೊರಟ ಸರ್ಕಾರದಲ್ಲಿ ತಮ್ಮ ಇಲಾಖೆಯ ಅಂಕಿ ಹೀಗೆ ಬೆಳೆದು ಕಾಣುವುದನ್ನು ಸಾಮಾನ್ಯ ರಾಜಕಾರಣಿ ಇಷ್ಟಪಡುತ್ತಿರಲಿಲ್ಲ. ಬೆಳೆದದ್ದು ಪುಸ್ತಕದ ಅಂಕಿ, ನಿಜವಾಗಿ ಬದಲಾದದ್ದು ಹಣ ಸೇರುವ ಕೈ ಎಂಬುದನ್ನು ಅರಿತವರು ಮಾತ್ರ ಅದನ್ನು ಧೈರ್ಯವಾಗಿ ಸಮರ್ಥಿಸಬಲ್ಲವರಾಗಿದ್ದರು. ಸಂಪುಟದಲ್ಲಿ ಗಿಲ್‌ಫಾಯಿಲ್ ಕಡಮೆ ಮಾತಿನ, ಆದರೆ ತಮ್ಮ ಕಡತವನ್ನು ಪೂರ್ಣವಾಗಿ ಬಲ್ಲ ಸಚಿವೆಯೆಂಬ ಹೆಸರನ್ನು ಪಡೆದರು.

೫

ಜಮಾ ಪುಟವನ್ನು ಮಾತ್ರ ತೋರಿಸಿ ಖರ್ಚಿನ ಪುಟವನ್ನು ಮುಚ್ಚಿಡುವುದು ಲೆಕ್ಕಿಗರಿಗೂ ಚರಿತ್ರಕಾರರಿಗೂ ತಕ್ಕದ್ದಲ್ಲ. ಕುಟುಂಬ ಭತ್ಯೆಯ ದರ ಬೆಲೆಗಳೊಡನೆ ತಾನಾಗಿಯೇ ಏರುವ ಏರ್ಪಾಡನ್ನು ಸರ್ಕಾರ ಮಾಡಲಿಲ್ಲ. ವೃದ್ಧಾಪ್ಯ ವೇತನವೇ ಮೊದಲಾದವುಗಳಿಗೆ ೧೯೭೬ರಲ್ಲಿ ಅಂಥ ಏರ್ಪಾಡು ಬಂದರೂ ಮಕ್ಕಳ ಹಣಕ್ಕೆ ಅದು ಬರಲಿಲ್ಲ. ಹಣದುಬ್ಬರ ತೀವ್ರವಾಗಿದ್ದ ಆ ವರ್ಷಗಳಲ್ಲಿ ೩.೫೦ ಡಾಲರಿನ ಬೆಲೆ ದಿನದಿನಕ್ಕೆ ಕುಗ್ಗಿತು. ಐವತ್ತು ಸೆಂಟಿನ ಹಳೆಯ ಕಥೆ ಇನ್ನೊಮ್ಮೆ ಆರಂಭವಾಯಿತೆಂದರೆ ತಪ್ಪಾಗಲಾರದು.

ನಿರುದ್ಯೋಗಿಗಳ ವಿಷಯದಲ್ಲಿ ಇಲಾಖೆಯ ನಡತೆ ಇನ್ನೂ ಕಠಿನವಾಗಿತ್ತು. ಶಾಲೆಯನ್ನು ಬಿಟ್ಟ ಹುಡುಗ ಹುಡುಗಿಯರಿಗೆ ಬೇಸಗೆಯ ರಜೆ ಮುಗಿಯುವವರೆಗೆ ಭತ್ಯೆಯಿಲ್ಲವೆಂಬ ನಿಯಮವನ್ನು ಇಲಾಖೆ ಮಾಡಿತು. ತಾಸ್ಮೇನಿಯದ ಒಬ್ಬ ಹುಡುಗಿ ಇದನ್ನು ಪ್ರಶ್ನಿಸಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕಳು. ಎಲ್ಲರಿಗೂ ಒಂದೇ ದಿನಾಂಕವನ್ನು ಗೊತ್ತುಮಾಡಿ, ಪ್ರತಿಯೊಬ್ಬರ ಸ್ಥಿತಿಯನ್ನು ವಿಚಾರಿಸದೆ ಭತ್ಯೆಯನ್ನು ನಿರಾಕರಿಸುವುದು ಕಾನೂನಿಗೆ ಒಪ್ಪುವುದಿಲ್ಲವೆಂದು ನ್ಯಾಯಾಲಯ ೧೯೭೭ರಲ್ಲಿ ತೀರ್ಮಾನಿಸಿತು. ಇದೇ ವರ್ಷ, ಅದುವರೆಗೆ ಒಂಟಿ ತಾಯಂದಿರಿಗೆ ಮಾತ್ರವಿದ್ದ ಪೋಷಣ ಭತ್ಯೆಯನ್ನು ಮಕ್ಕಳನ್ನು ಒಬ್ಬರೇ ಸಾಕುವ ತಂದೆಯರಿಗೂ ವಿಸ್ತರಿಸಲಾಯಿತೆಂಬುದನ್ನೂ ಹೇಳಬೇಕು. ಒಂದು ಕಡೆ ಔದಾರ್ಯ, ಇನ್ನೊಂದು ಕಡೆ ಬಿಗಿ: ಎರಡೂ ಒಂದೇ ಕಛೇರಿಯಿಂದ ಹೊರಟವು.

ಇವರ ಆಡಳಿತ ಕಾಲದ ಅತ್ಯಂತ ಅಹಿತಕರ ಪ್ರಕರಣ ನಡೆದದ್ದು ೧೯೭೮ರಲ್ಲಿ. ಅಂಗವಿಕಲರ ವೇತನದಲ್ಲಿ ದೊಡ್ಡ ಮೋಸ ನಡೆಯುತ್ತಿದೆಯೆಂಬ ಆರೋಪದ ಮೇಲೆ ಏಪ್ರಿಲ್ ೧ರಂದು ಕೇಂದ್ರ ಪೋಲೀಸರು ಸಿಡ್ನಿಯಲ್ಲಿ ಗ್ರೀಕ್ ಮೂಲದವರ ಮನೆಗಳ ಮೇಲೂ ಕೆಲವು ವೈದ್ಯರ ಮೇಲೂ ದಾಳಿಮಾಡಿದರು. ನೂರಕ್ಕೂ ಹೆಚ್ಚು ಜನರನ್ನು ಬಂಧಿಸಲಾಯಿತು. ನೂರಾರು ಜನರ ವೇತನ ನಿಂತುಹೋಯಿತು. ವರ್ಷಗಟ್ಟಲೆ ಎಳೆದ ಆ ಮೊಕದ್ದಮೆ ಕಡೆಗೆ ಕುಸಿದುಬಿದ್ದು, ಒಳಸಂಚಿನ ಆರೋಪಗಳನ್ನು ಸರ್ಕಾರ ಕೈಬಿಡಬೇಕಾಯಿತು. ನೊಂದವರ ಪರಿಹಾರದ ಪ್ರಶ್ನೆಯನ್ನು ಡೇಮ್ ರೋಮಾ ಮಿಚೆಲ್ ಅವರ ಆಯೋಗ ಮುಂದೆ ವಿಚಾರಿಸಿತು. ಪೋಲೀಸರ ಕ್ರಮಕ್ಕೆ ಸಚಿವೆಯೊಬ್ಬರನ್ನೇ ಹೊಣೆಮಾಡುವುದು ನ್ಯಾಯವಲ್ಲ. ಆದರೆ ವೇತನವನ್ನು ನಿಲ್ಲಿಸಿದ ಇಲಾಖೆ ಅವರದು. ಲೆಕ್ಕದಲ್ಲಿ ಮೋಸವನ್ನು ಹುಡುಕುವ ದೃಷ್ಟಿ ವೃತ್ತಿಗೆ ಎಷ್ಟು ಅವಶ್ಯವೋ, ವಿಚಾರಣೆಗೆ ಮುನ್ನವೇ ಜನರನ್ನು ಮೋಸಗಾರರೆಂದು ಎಣಿಸಿದರೆ ಆ ದೃಷ್ಟಿ ಆಡಳಿತಕ್ಕೆ ಅಷ್ಟೇ ಅಪಾಯಕರವೆಂಬ ಪಾಠ ಇದರಲ್ಲಿದೆ.

೬

೧೯೮೦ರ ಆರಂಭದಲ್ಲಿ ಅವರಿಗೆ ‘ಡೇಮ್’ ಪದವಿ ದೊರೆಯಿತು. ಅದೇ ವರ್ಷದ ಚುನಾವಣೆಯ ನಂತರ ಅವರು ಹಣಕಾಸಿನ ಸಚಿವೆಯಾದರು. ಆಸ್ಟ್ರೇಲಿಯದಲ್ಲಿ ೧೯೭೬ರಿಂದ ಈ ಇಲಾಖೆ ಖಜಾನೆಯ ಇಲಾಖೆಯಿಂದ ಬೇರೆಯಾಗಿತ್ತು. ತೆರಿಗೆಯೂ ಆರ್ಥಿಕ ನೀತಿಯೂ ಖಜಾನೆಗೆ ಸೇರಿದರೆ, ಸರ್ಕಾರದ ವೆಚ್ಚದ ಮೇಲ್ವಿಚಾರಣೆ ಹಣಕಾಸಿನ ಇಲಾಖೆಗೆ ಸೇರಿತ್ತು. ಐದು ವರ್ಷ ಹಣವನ್ನು ಕೇಳುವ ಕಡೆ ಕುಳಿತಿದ್ದವರು ಈಗ ಹಣವನ್ನು ಬಿಗಿಹಿಡಿಯುವ ಕಡೆ ಕುಳಿತರು. ಸರ್ಕಾರದ ಕಾರ್ಯಗಳನ್ನೆಲ್ಲ ಪರಿಶೀಲಿಸಿ ಅನವಶ್ಯಕವಾದವನ್ನು ಕತ್ತರಿಸಲು ಲಿಂಚ್ ಅವರ ಅಧ್ಯಕ್ಷತೆಯಲ್ಲಿ ನೇಮಿತವಾದ ಸಮಿತಿಯಲ್ಲಿ ಇವರೂ ಇದ್ದರು. ‘ಕ್ಷೌರಕತ್ತಿಯ ತಂಡ’ ಎಂದು ಜನ ಪರಿಹಾಸ್ಯಮಾಡಿದ ಈ ಸಮಿತಿಯ ತೀರ್ಮಾನಗಳು ೧೯೮೧ರ ಏಪ್ರಿಲಿನಲ್ಲಿ ಪ್ರಕಟವಾದವು. ಪತ್ರಿಕೆಗಳು ಗಿಲ್‌ಫಾಯಿಲ್ ಅವರನ್ನು ‘ಉಕ್ಕಿನ ಚಿಟ್ಟೆ’ ಎಂದು ಕರೆದದ್ದೂ ಉಂಟು. ಆ ಹೆಸರು ಅವರಿಗೆ ಹಿಡಿಸಲಿಲ್ಲ. ಪುರುಷ ಸಚಿವನ ದೃಢತೆಯನ್ನು ವರ್ಣಿಸಲು ಯಾರೂ ಚಿಟ್ಟೆಯನ್ನು ಅರಸುವುದಿಲ್ಲವಷ್ಟೆ.

೧೯೮೩ರ ಮಾರ್ಚಿಯಲ್ಲಿ ಫ್ರೇಸರ್ ಸರ್ಕಾರ ಸೋತಿತು. ಹೊಸ ಲೇಬರ್ ಸರ್ಕಾರದಲ್ಲಿ ಸೂಸನ್ ರಯನ್ ಸಂಪುಟದ ಸದಸ್ಯೆಯಾದರು. ಸಂಪುಟದಲ್ಲಿ ಸ್ತ್ರೀಯೊಬ್ಬಳು ಇಲಾಖೆಯೊಡನೆ ಇರುವುದು ಪಕ್ಷ ಬದಲಾದರೂ ತಪ್ಪದ ವಾಡಿಕೆಯಾಯಿತೆಂಬುದು ಗಮನಾರ್ಹ. ೧೯೮೭ರಲ್ಲಿ ಗಿಲ್‌ಫಾಯಿಲ್ ಸೆನೆಟ್‌ನಿಂದ ನಿವೃತ್ತರಾದರು. ಅವರ ಅಧ್ಯಯನ ಅಲ್ಲಿಗೆ ನಿಲ್ಲಲಿಲ್ಲ. ಹದಿನೈದರ ಹರೆಯದಲ್ಲಿ ಶಾಲೆಯನ್ನು ಬಿಟ್ಟಿದ್ದವರು ಅರವತ್ತು ದಾಟಿದ ಮೇಲೆ ಆಸ್ಟ್ರೇಲಿಯನ್ ನ್ಯಾಷನಲ್ ವಿಶ್ವವಿದ್ಯಾಲಯದ ಕಾನೂನು ಪದವಿಯನ್ನು ಪಡೆದರು. ಮಾನಸಿಕ ರೋಗಿಗಳ ಹಕ್ಕುಗಳನ್ನು ಕುರಿತು ಬ್ರಯನ್ ಬರ್ಡೆಕಿನ್ ಅವರ ನೇತೃತ್ವದಲ್ಲಿ ನಡೆದು ೧೯೯೩ರಲ್ಲಿ ವರದಿಯನ್ನಿತ್ತ ರಾಷ್ಟ್ರೀಯ ವಿಚಾರಣೆಯಲ್ಲಿ ಪಾಲುಗೊಂಡರು. ೨೦೦೫ರಲ್ಲಿ ಅವರಿಗೆ ದೇಶದ ಉನ್ನತ ಗೌರವವಾದ ‘ಕಂಪ್ಯಾನಿಯನ್ ಆಫ್ ದಿ ಆರ್ಡರ್ ಆಫ್ ಆಸ್ಟ್ರೇಲಿಯ’ ಸಂದಿತು. ೨೦೨೦ನೆಯ ನವೆಂಬರ್ ೧೧ರಂದು, ಅವರನ್ನು ಅಧಿಕಾರಕ್ಕೆ ತಂದ ೧೯೭೫ರ ಘಟನೆಗೆ ಸರಿಯಾಗಿ ೪೫ ವರ್ಷ ತುಂಬಿದ ದಿನ, ತಮ್ಮ ೯೪ನೆಯ ವಯಸ್ಸಿನಲ್ಲಿ ತೀರಿಕೊಂಡರು.

೭

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ವಿದಿತವಾಗುತ್ತವೆ. ಮೊದಲನೆಯದಾಗಿ, ಗಿಲ್‌ಫಾಯಿಲ್ ಅವರು ತಮ್ಮ ಪಕ್ಷದ ಆರ್ಥಿಕ ನೀತಿಯನ್ನು ಮೀರಿ ನಡೆದವರಲ್ಲ. ವೆಚ್ಚವನ್ನು ತಗ್ಗಿಸಬೇಕೆಂಬುದು ಅವರ ಮತವೂ ಆಗಿತ್ತು. ನಿರುದ್ಯೋಗಿಗಳ ಮೇಲೆ ಬಿದ್ದ ಬಿಗಿ ಆ ಮತದ ಫಲ. ಎರಡನೆಯದಾಗಿ, ಆ ನೀತಿಯ ಮಿತಿಯೊಳಗೇ ಅವರು ಒಂದು ಪ್ರಶ್ನೆಯನ್ನು ಬಿಡದೆ ಕೇಳಿದರು: ಸರ್ಕಾರ ಕೊಟ್ಟಿತೆಂದು ಪುಸ್ತಕ ಹೇಳುವ ಹಣ ಯಾರ ಕೈಗೆ ಸೇರಿತು? ಇದು ಲೆಕ್ಕಿಗರು ದಿನವೂ ಕೇಳುವ ಸಾಮಾನ್ಯ ಪ್ರಶ್ನೆ. ರಾಜ್ಯದ ಆಯವ್ಯಯಕ್ಕೆ ಅದನ್ನು ಅನ್ವಯಿಸಿದಾಗ, ಸಂಸಾರವೆಂಬುದು ಒಂದೇ ಖಾತೆಯಲ್ಲ, ಅದರೊಳಗೆ ಗಂಡನದೂ ಹೆಂಡತಿಯದೂ ಬೇರೆ ಬೇರೆ ಖಾತೆಗಳುಂಟು ಎಂಬ ಸತ್ಯ ಹೊರಬಿದ್ದಿತು.

ರಾಜ್ಯಾಂಗ, ಚುನಾವಣೆ, ಪಕ್ಷಗಳ ಚರಿತ್ರೆಯನ್ನು ಅಭ್ಯಾಸಮಾಡುವ ನಮ್ಮ ವಿದ್ಯಾರ್ಥಿಗಳು ಆಯವ್ಯಯದ ಪುಟಗಳನ್ನು ಸಾಮಾನ್ಯವಾಗಿ ಅರ್ಥಶಾಸ್ತ್ರದವರಿಗೆ ಬಿಟ್ಟುಬಿಡುತ್ತಾರೆ. ಸ್ತ್ರೀಯರ ಚರಿತ್ರೆಯನ್ನು ಬರೆಯುವವರಂತೂ ಭಾಷಣಗಳನ್ನೂ ಚಳವಳಿಗಳನ್ನೂ ಹುಡುಕುವಷ್ಟು ಆಸಕ್ತಿಯಿಂದ ತೆರಿಗೆಯ ನಿಯಮಗಳನ್ನು ಹುಡುಕುವುದಿಲ್ಲ. ಆದರೆ ಲಕ್ಷಾಂತರ ತಾಯಂದಿರ ಕೈಗೆ ಹಣವನ್ನು ತಂದ ೧೯೭೬ರ ಬದಲಾವಣೆ ನಡೆದದ್ದು ಯಾವ ಘೋಷಣೆಯಿಂದಲೂ ಅಲ್ಲ. ಸರ್ಕಾರದ ಲೆಕ್ಕದಲ್ಲಿ ಒಂದು ಬಾಬನ್ನು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ವರ್ಗಾಯಿಸಿದ್ದರಿಂದ. ಚರಿತ್ರೆಯ ಆಧಾರಗಳನ್ನು ಅರಸುವವರು ಅಂಥ ಪುಟಗಳನ್ನೂ ತೆರೆದು ನೋಡುವುದು ಅವಶ್ಯಕವೆಂದು ನಮ್ಮ ಅಭಿಪ್ರಾಯ.